ಸೋಮಾರಿ ಅನಿಲದ ಜಾತಕ

ಒಮ್ಮೆ ಉಸಿರೆಳೆದುಕೊಳ್ಳಿ. ಅರ್ಧ ಲೀಟರ್ ಗಾಳಿ ಒಳಗೆ ಹೋಯಿತು. ಅದರಲ್ಲಿ ಹೆಚ್ಚುಕಡಿಮೆ ಒಂದು ಟೀ ಚಮಚ ತುಂಬುವಷ್ಟು ಆರ್ಗಾನ್ ಇತ್ತು! ಶ್ವಾಸಕೋಶವನ್ನೆಲ್ಲ ಸುತ್ತಾಡಿ, ಯಾರ ಜೊತೆಗೂ ಕೂಡದೆ, ಹೋದ ಹಾಗೆಯೇ ಹೊರಗೆ ಬಂತು. ಬೆಳಗಾದರೆ ನಾವೆಲ್ಲ ಬೈಯುವ ಇಂಗಾಲದ ಡೈಆಕ್ಸೈಡಿಗಿಂತ ಗಾಳಿಯಲ್ಲಿ ಆರ್ಗಾನ್ ಇಪ್ಪತ್ತು ಪಟ್ಟಿಗೂ ಹೆಚ್ಚಿದೆ, ಶೇ 0.93. ಮನುಷ್ಯ ಹುಟ್ಟಿದಾಗಿನಿಂದ ಅದನ್ನು ಉಸಿರಾಡುತ್ತಲೇ ಇದ್ದಾನೆ. ಆದರೂ ಅಂಥದ್ದೊಂದು ಇದೆ ಎಂದು ಜಗತ್ತಿಗೆ ಗೊತ್ತಾದದ್ದು 1894ರಲ್ಲಿ!

ಇಂಥವರಿಗೆಂದೇ ಇಂಗ್ಲಿಷಿನಲ್ಲಿ ಒಂದು ವಿಶೇಷಣವಿದೆ: ಇನರ್ಟ್. ಸುಮ್ಮನಿರುವುದನ್ನು ಹೇಳಲು ಆ ಭಾಷೆಯಲ್ಲಿ ಪದಗಳಿಗೇನೂ ಬರವಿಲ್ಲ. ಐಡಲ್ ಎಂದರೆ ಸದ್ಯಕ್ಕೆ ಕೆಲಸವಿಲ್ಲ, ಕೊಟ್ಟರೆ ಮಾಡುತ್ತದೆ. ಡಾರ್ಮಂಟ್ ಎಂದರೆ ಮಲಗಿದೆ, ಕಾಲ ಬಂದಾಗ ಏಳುತ್ತದೆ. ಬೀಜ, ಜ್ವಾಲಾಮುಖಿ, ಬ್ಯಾಂಕಿನ ಹಳೇ ಖಾತೆ, ಎಲ್ಲ ಈ ಜಾತಿಯವು. ಇನರ್ಟ್ ಮಾತ್ರ ಬಲು ನಿರ್ದಯ ಪದ. ಎದ್ದು ಬರಲು ಒಳಗೆ ಏನೂ ಇಲ್ಲ ಎಂಬ ತೀರ್ಪು ಅದು. ಅದರ ಲ್ಯಾಟಿನ್ ಬೇರಿಗೆ ಇಳಿದರೆ ಸಿಗುವ ಅರ್ಥ ಕೈಲಾಗದವನು, ಕಲೆಯಿಲ್ಲದವನು. ಆರ್ಟ್ ಎಂಬ ಮಾತು ಹುಟ್ಟಿದ ಬೇರೇ ಇದರೊಳಗೂ ಕೂತಿದೆ, ಬೆನ್ನಿಗೊಂದು ನಿಷೇಧ ಕಟ್ಟಿಕೊಂಡು! ಸೈನಿಕರ ತರಬೇತಿಗೆ ಬಳಸುವ, ಸಿಡಿಮದ್ದಿಲ್ಲದ ಬಾಂಬಿನ ಮೈಮೇಲೂ ಇದೇ ಪದ ಬರೆದಿರುತ್ತಾರೆ. ಅಲ್ಲಿ ಅದು ನಿಂದೆಯಲ್ಲ, ಭರವಸೆ.

ಈಗ ಈ ಪದಕ್ಕೆ ಅಂಟಿಕೊಂಡ ಆರ್ಗಾನಿನ ಕತೆ ಕೇಳಿ. ಪತ್ತೇದಾರಿ ಕಾದಂಬರಿ ಇದರ ಮುಂದೆ ಸಪ್ಪೆ.

1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಗಾಜಿನ ನಳಿಕೆಯೊಳಗಿನ ಗಾಳಿಗೆ ಆಮ್ಲಜನಕ ಸೇರಿಸಿ ವಿದ್ಯುತ್ ಕಿಡಿ ಹಾರಿಸುತ್ತಿದ್ದರು. ಸಾರಜನಕವೆಲ್ಲ ಆಮ್ಲಜನಕದೊಡನೆ ಕೂಡಿ ದ್ರಾವಣಕ್ಕೆ ಇಳಿಯಿತು. ಎಲ್ಲ ಮುಗಿದ ಮೇಲೂ ಒಂದು ಪುಟಾಣಿ ಗುಳ್ಳೆ ಉಳಿಯಿತು. ಎಷ್ಟು ಕಿಡಿ ಹಾರಿಸಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಮೊದಲಿದ್ದ ಸಾರಜನಕದ 120ರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಎಂದು ಅವರು ಪ್ರಾಮಾಣಿಕವಾಗಿ ಬರೆದಿಟ್ಟರು. ಆ ಸಾಲು ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕದಲ್ಲೇ ಉಳಿಯಿತು!

ಆಮೇಲೆ ಬಂದವರು ಲಾರ್ಡ್ ರ‍್ಯಾಲೇ. ತೂಕದ ಹುಚ್ಚಿನ ಮನುಷ್ಯ. ಗಾಳಿಯಿಂದ ತೆಗೆದ ಸಾರಜನಕವನ್ನು ಗಾಜಿನ ಬುರುಡೆಗೆ ತುಂಬಿ ತೂಗಿದರೆ 2.3102 ಗ್ರಾಂ. ರಾಸಾಯನಿಕಗಳಿಂದ ತಯಾರಿಸಿದ ಸಾರಜನಕವನ್ನು ಅದೇ ಬುರುಡೆಯಲ್ಲಿ ತೂಗಿದರೆ 2.2990 ಗ್ರಾಂ. ಅಂತರ ಹನ್ನೊಂದು ಮಿಲಿಗ್ರಾಂ. ಬೇರೆ ಯಾರಾದರೂ ತಕ್ಕಡಿಯನ್ನು ಬೈದುಕೊಂಡು ಮುಂದೆ ಹೋಗುತ್ತಿದ್ದರು. ರ‍್ಯಾಲೇ ಬಿಡಲಿಲ್ಲ. ಇದೇನೆಂದು ಬಲ್ಲವರು ಹೇಳಿ ಎಂದು 1892ರಲ್ಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದರು. ರಸಾಯನಶಾಸ್ತ್ರಜ್ಞ ವಿಲಿಯಂ ರ‍್ಯಾಮ್ಸೆ ಜೊತೆಗೂಡಿದರು. ಕಾದ ಮೆಗ್ನೀಸಿಯಂ ಮೇಲೆ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿ, ಲೋಹಕ್ಕೆ ಅದನ್ನೆಲ್ಲ ಕುಡಿಸಿಬಿಟ್ಟರು. ಕೊನೆಗೆ ಉಳಿದದ್ದು ಕ್ಯಾವೆಂಡಿಷರ ಗುಳ್ಳೆಯೊಳಗಿದ್ದ ಅದೇ ಆಸಾಮಿ!

1894ರ ಆಗಸ್ಟ್ 13ರಂದು ಆಕ್ಸ್‌ಫರ್ಡಿನಲ್ಲಿ ವಿಷಯ ಹೊರಬಿತ್ತು. ಆರ್ಗಾನ್ ಎಂದು ಹೆಸರಿಟ್ಟರು, ಗ್ರೀಕಿನಲ್ಲಿ ಸೋಮಾರಿ ಎಂದರ್ಥ. ಹುಟ್ಟಿದ ಮಗುವಿಗೆ ತೊಟ್ಟಿಲಲ್ಲೇ ಇಂಥ ಹೆಸರೇ? ಆದರೆ ಅವರನ್ನಾದರೂ ಏಕೆ ದೂರಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಸುಡುವ ಫ್ಲೋರಿನ್ ಅನಿಲವನ್ನು ಪಳಗಿಸಿದ ಪ್ಯಾರಿಸ್ಸಿನ ಆನ್ರಿ ಮ್ವಾಸಾನರಿಗೆ ರ‍್ಯಾಮ್ಸೆ ಒಂದಿಷ್ಟು ಆರ್ಗಾನ್ ಕಳಿಸಿದರು. ಫ್ಲೋರಿನ್ನೂ ಸೋತಿತು. ಆವರ್ತ ಕೋಷ್ಟಕ ಕಟ್ಟಿದ ಮೆಂಡಲೀವರಂತೂ ಇದು ಹೊಸ ಧಾತುವೇ ಅಲ್ಲ, ಮೂರು ಪರಮಾಣು ಕೂಡಿದ ಸಾರಜನಕ ಇರಬಹುದು ಎಂದರು. ಅವರ ಕೋಷ್ಟಕದಲ್ಲಿ ಈ ಗಿರಾಕಿಗೆ ಕೂರಲು ಕುರ್ಚಿಯೇ ಇರಲಿಲ್ಲ!

ಕುರ್ಚಿಯಲ್ಲ, ಒಂದು ಸಾಲನ್ನೇ ಹಾಕಬೇಕಾಯಿತು. ಸೂರ್ಯನ ಬೆಳಕಿನಲ್ಲಷ್ಟೇ ಸುಳಿವು ಕೊಟ್ಟಿದ್ದ ಹೀಲಿಯಂ 1895ರಲ್ಲಿ ರ‍್ಯಾಮ್ಸೆ ಅವರಿಗೆ ಖನಿಜದೊಳಗೆ ಸಿಕ್ಕಿತು. 1898ರಲ್ಲಿ ರ‍್ಯಾಮ್ಸೆ ಮತ್ತು ಶಿಷ್ಯ ಮೋರಿಸ್ ಟ್ರಾವರ್ಸ್ ದ್ರವಗಾಳಿಯನ್ನು ಕುದಿಸಿ ಕುದಿಸಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರನ್ನೂ ಒಂದೇ ವರ್ಷದಲ್ಲಿ ಹಿಡಿದರು. ಈಗ ನಮ್ಮೂರಿನ ಸುದ್ದಿ: ಜೆ. ಎನ್. ಟಾಟಾ ಕನಸಿನ ವಿಜ್ಞಾನ ಸಂಸ್ಥೆ ಎಲ್ಲಿರಬೇಕೆಂದು ನೋಡಲು 1900ರಲ್ಲಿ ಭಾರತ ಸುತ್ತಿ, ಬೆಂಗಳೂರೇ ಸರಿ ಎಂದವರು ಇದೇ ರ‍್ಯಾಮ್ಸೆ! ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದವರು ಇದೇ ಟ್ರಾವರ್ಸ್! ಜಡಾನಿಲಗಳ ಮನೆತನಕ್ಕೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೂ ಹೀಗೊಂದು ನಂಟು.

ಸೋಮಾರಿ ಎಂದರು ಸರಿ, ಅದರ ಸೋಮಾರಿತನದಿಂದ ನಡೆಯುತ್ತಿರುವ ಕೆಲಸ ನೋಡಿ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗ್ ಮಾಡುತ್ತಾರೆ. ಹುಡುಗ ಟಾರ್ಚಿನ ಗುಂಡಿ ಒತ್ತಿದ ಕೂಡಲೇ ಸುಯ್ ಎಂದು ಅನಿಲ ಹೊರಬೀಳುತ್ತದೆ. ಕರಗಿದ ಲೋಹದ ಪುಟ್ಟ ಕೊಳದ ಸುತ್ತ ಅದು ಕಣ್ಣಿಗೆ ಕಾಣದ ಕೊಡೆ ಹಿಡಿದು ನಿಲ್ಲುತ್ತದೆ, ಆಮ್ಲಜನಕ ಹತ್ತಿರ ಸುಳಿಯುವುದಿಲ್ಲ. ಬೆಸುಗೆ ಥಳಥಳ! ಅನಿಲ ಖಾಲಿಯಾದರೆ ಅದೇ ಬೆಸುಗೆ ಕರ‍್ರಗೆ, ತೂತುತೂತು. ಈ ವೆಲ್ಡಿಂಗಿಗೆ ಟಿಗ್ (TIG) ಎಂದೂ ಹೆಸರು; ಅದರ ನಡುವಿನ ಅಕ್ಷರ ಇನರ್ಟ್‌ನದೇ.

ಇದಕ್ಕಿಂತ ದೊಡ್ಡ ಬೆರಗು ಬಂಡೆಯೊಳಗಿದೆ. ಕಲ್ಲಿನಲ್ಲಿರುವ ಪೊಟ್ಯಾಸಿಯಂ–40 ಮೆಲ್ಲಗೆ ಕ್ಷಯಿಸುತ್ತ ಆರ್ಗಾನ್ ಹುಟ್ಟಿಸುತ್ತದೆ. ಅದರ ಅರ್ಧಾಯುಷ್ಯ 125 ಕೋಟಿ ವರ್ಷ! ನಾವು ಉಸಿರಾಡುವ ಆರ್ಗಾನ್ ಬಹುಪಾಲು ಹೀಗೆ ಕಲ್ಲಿನ ಹೊಟ್ಟೆಯಿಂದಲೇ ಬಂದದ್ದು. ಲಾವಾ ಬಿಸಿಯಾಗಿದ್ದಾಗ ಹಳೆಯ ಆರ್ಗಾನ್ ಯಾರ ಹಂಗೂ ಇಲ್ಲದೆ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಹರಳಿನೊಳಗೆ ಸೆರೆ. ಸೆರೆಸಿಕ್ಕಿದ್ದನ್ನು ಅಳೆದು ಕಲ್ಲಿನ ವಯಸ್ಸು ಹೇಳುತ್ತಾರೆ. ಯಾರಿಗೂ ಅಂಟಿಕೊಳ್ಳದವನೇ ನಂಬಿಕಸ್ತ ಲೆಕ್ಕಿಗ!

ಇನ್ನು ಆ ನಿರ್ದಯ ತೀರ್ಪಿನ ಗತಿ. 1933ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್, ಕ್ಸೆನಾನ್ ಫ್ಲೋರಿನ್ ಜೊತೆ ಕೂಡಬಹುದು ಎಂದಿದ್ದರು. ಅಲ್ಲಿನ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಪ್ರಯತ್ನವೂ ನಡೆಯಿತು, ಕೈಗೂಡಲಿಲ್ಲ. ಪಠ್ಯಪುಸ್ತಕಗಳು ಕದ ಹಾಕಿದವು. 1962ರ ಮಾರ್ಚ್ 23, ಶುಕ್ರವಾರ ಸಂಜೆ, ಕೆನಡಾದ ವ್ಯಾಂಕೂವರ್. ಇಪ್ಪತ್ತೊಂಬತ್ತರ ನೀಲ್ ಬಾರ್ಟ್ಲೆಟ್ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು, ಉಳಿದವರು ಊಟಕ್ಕೆ ಹೋಗಿದ್ದರು. ಕಡುಗೆಂಪು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಅನಿಲ ಆಮ್ಲಜನಕದಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ ಎಂದು ಅವರು ಅಷ್ಟರಲ್ಲೇ ಕಂಡುಕೊಂಡಿದ್ದರು. ಕ್ಸೆನಾನಿನಿಂದ ಕೀಳುವುದು ಅದಕ್ಕಿಂತ ಕಷ್ಟವಲ್ಲ ಎಂಬುದು ಅವರ ಲೆಕ್ಕ. ಎರಡೂ ಅನಿಲಗಳ ನಡುವಿನ ತಡೆಯನ್ನು ಮುರಿದರು. ಕೆಂಪು ಅನಿಲವೂ ಬಣ್ಣವಿಲ್ಲದ ಕ್ಸೆನಾನೂ ಒಂದಾದವು. ಗಾಜಿನೊಳಗೆ ಹಳದಿ-ಕಿತ್ತಳೆಯ ಪುಡಿ! ಕಾಯಿಸಲಿಲ್ಲ, ಒತ್ತಲಿಲ್ಲ; ಮಾಮೂಲಿ ಕೋಣೆಯ ಬಿಸಿಯಲ್ಲೇ ಅರವತ್ತೇಳು ವರ್ಷಗಳ ನಂಬಿಕೆ ಉದುರಿತು.

ಅಂದಿನಿಂದ ಇನರ್ಟ್ ಎಂಬ ವಿಶೇಷಣ ರಸಾಯನಶಾಸ್ತ್ರದಲ್ಲಿ ಹಿಂದೆ ಸರಿದು, ನೋಬಲ್ ಎಂಬುದು ಮುಂದೆ ಬಂತು. ಕೈಲಾಗದವರು ಏಕಾಏಕಿ ಕುಲೀನರಾದರು! ಕನ್ನಡದ ಪುಸ್ತಕಗಳಲ್ಲಿ ಜಡಾನಿಲ, ರಾಜಾನಿಲ ಎರಡೂ ಓಡಾಡುತ್ತಿವೆ. ನನ್ನ ಮತ ಹಳೆಯದಕ್ಕೇ. ರಾಜರಿಗಿಂತ ಇವು ಹೆಚ್ಚು ಕೆಲಸ ಮಾಡುತ್ತವೆ.

ಸೋಮಾರಿ ಆರ್ಗಾನೂ 2000ದಲ್ಲಿ ಶರಣಾಯಿತು. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ಮೈನಸ್ 246 ಡಿಗ್ರಿಗೂ ಕೆಳಗಿನ ಚಳಿಯಲ್ಲಿ, ಜಲಜನಕ ಮತ್ತು ಫ್ಲೋರಿನ್‌ಗಳೊಡನೆ ಕೈಕೈ ಹಿಡಿದು ನಿಂತಿತು. ಸ್ವಲ್ಪ ಬಿಸಿ ತಗುಲಿದರೆ ಬಿಟ್ಟುಬಿಡುತ್ತದೆ, ಆ ಮಾತು ಬೇರೆ. ಈ ಮನೆತನದ ನಿಯಾನ್ ಅಂತೂ ಸ್ಥಿರವಾದ ಒಂದು ಸಂಯುಕ್ತಕ್ಕೂ ಇವತ್ತಿನವರೆಗೆ ಸಿಕ್ಕಿಬೀಳದೆ ಹಠ ಸಾಧಿಸಿದೆ.