ನೀರುಮಜ್ಜಿಗೆಯ ಹದ

ಮೊಸರು ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವುದು ಮಜ್ಜಿಗೆ. ಅದನ್ನು ನೀರಿನಿಂದ ತೆಳುಮಾಡಿ ಉಪ್ಪು, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಕೊತ್ತಂಬರಿ, ಇಂಗು ಬೆರೆಸಿದರೆ ಬೇಸಿಗೆಯ ನೀರುಮಜ್ಜಿಗೆ. ಮೊಸರಿಗೆ ನೀರು ಸುರಿದು ಮಿಕ್ಸಿಯಲ್ಲಿ ತಿರುಗಿಸಿದ್ದಕ್ಕೂ ಈಗ ಇದೇ ಹೆಸರು. ಆದರೆ ಅದರಲ್ಲಿ ಜಿಡ್ಡು ಹಾಗೆಯೇ ಉಳಿಯುತ್ತದೆ, ನಾಲಿಗೆಗೆ ಅಂಟುತ್ತದೆ. ಬಿಸಿಲಿನ ದಾಹಕ್ಕೆ ಬೆಣ್ಣೆ ತೆಗೆದ ಮಜ್ಜಿಗೆಯೇ ಸರಿ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಕಾಯಿಸಿ ಉಗುರುಬೆಚ್ಚಗಾದ ಹಾಲಿಗೆ ಹೆಪ್ಪು ಹಾಕಿದರೆ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ; ಹಾಲು ಗಟ್ಟಿಯಾಗುತ್ತದೆ. ಸೆಕೆಗಾಲದಲ್ಲಿ ಐದಾರು ಗಂಟೆ ಸಾಕು, ಮೀರಿದರೆ ಹುಳಿ.

ಕಡೆಯುವುದು ಬೆಳಗಿನ ತಂಪಿನಲ್ಲಿ. ಹೊತ್ತೇರಿದಂತೆ ಬೆಣ್ಣೆ ಮೆದುವಾಗಿ ಒಂದುಗೂಡುವುದಿಲ್ಲ, ಆಗ ತಣ್ಣೀರು ಹಾಕಿ ಕಡೆಯಬೇಕಾಗುತ್ತದೆ. ಹಗ್ಗ ಸುತ್ತಿದ ಕಡೆಗೋಲು ಅತ್ತ ಇತ್ತ ತಿರುಗುತ್ತಿದ್ದಂತೆ ಮೊದಲು ನೊರೆ ಏಳುತ್ತದೆ, ಆಮೇಲೆ ಸಣ್ಣ ಸಣ್ಣ ಕಾಳುಗಳು ಕಾಣಿಸುತ್ತವೆ. ಗಡಿಗೆಯೊಳಗಿನ ಸದ್ದೂ ಬದಲಾಗುತ್ತದೆ, ಗಟ್ಟಿ ಮೊಸರಿನ ಮಂದ ಸದ್ದು ಹೋಗಿ ನೀರಾಡಿದ ಸದ್ದು ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ಒದ್ದೆ ಕೈಯಿಂದ ಬೆಣ್ಣೆಯನ್ನು ಉಂಡೆ ಕಟ್ಟಿ ತೆಗೆಯಬೇಕು. ಉಡುಪಿಯ ಕೃಷ್ಣನ ಕೈಯಲ್ಲಿರುವುದೂ ಇದೇ ಕಡೆಗೋಲು ಮತ್ತು ಹಗ್ಗ.

ನೀರಿನ ಪ್ರಮಾಣ ಹಳೆಯ ಕಾಲದಿಂದಲೂ ಲೆಕ್ಕದ ವಿಷಯ. ಆಯುರ್ವೇದದ 'ಭಾವಪ್ರಕಾಶ' ಕಾಲುಭಾಗ ನೀರಿನದ್ದು ತಕ್ರ, ಅರ್ಧಭಾಗದ್ದು ಉದಶ್ವಿತ್ ಎಂದು ವಿಂಗಡಿಸುತ್ತದೆ. ನೀರುಮಜ್ಜಿಗೆ ಇವೆರಡಕ್ಕಿಂತ ತೆಳು: ಒಂದು ಲೋಟ ಗಟ್ಟಿ ಮೊಸರಿಗೆ ಮೂರು, ನಾಲ್ಕು ಲೋಟ ನೀರು.

ಮಸಾಲೆಯನ್ನು ನುಣ್ಣಗೆ ರುಬ್ಬಬಾರದು. ಮೆಣಸಿನಕಾಯಿ, ಕರಿಬೇವನ್ನು ಕಲ್ಲುಪ್ಪಿನೊಂದಿಗೆ ಒರಳಿನಲ್ಲಿ ಜಜ್ಜಿ, ಮಜ್ಜಿಗೆಯಲ್ಲಿ ಕಿವುಚಿ ಸೋಸಿದರೆ ಘಮವೆಲ್ಲ ಇಳಿಯುತ್ತದೆ, ಗಂಟಲಿಗೆ ಚರಟ ಸಿಕ್ಕುವುದಿಲ್ಲ. ಕಿವುಚಿ ಹಾಕಿದ ಒಂದೆರಡು ನಿಂಬೆ ಎಲೆ ಪರಿಮಳವನ್ನು ಇನ್ನೊಂದು ಮೆಟ್ಟಿಲು ಏರಿಸುತ್ತದೆ. ಜಜ್ಜಿದ ಶುಂಠಿ ಮಾತ್ರ ಕುಡಿಯುವ ಹೊತ್ತಿಗೆ ಬೀಳಬೇಕು. ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಬಹಳ ಹೊತ್ತು ಬಿಟ್ಟ ಮಜ್ಜಿಗೆ ಕಹಿಯಾಗುತ್ತದೆ. ಸಾಸಿವೆ ಒಗ್ಗರಣೆ ಹಾಕುವವರೂ ಇದ್ದಾರೆ. ಅದು ಅನ್ನಕ್ಕೆ ಕಲಸುವ ಮಜ್ಜಿಗೆಗೆ ಚೆಂದ. ಕುಡಿಯುವ ಲೋಟದಲ್ಲಿ ಎಣ್ಣೆ ತೇಲುವುದಕ್ಕಿಂತ ಇಂಗನ್ನು ನೀರಿನಲ್ಲಿ ಕದಡಿ ಹಾಕುವುದೇ ಮೇಲು.

ತಂಪಿಗೆ ಮಣ್ಣಿನ ಮಡಕೆ ಸಾಕು. ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಐಸ್ ಹಾಕಿದರೆ ಕರಗಿ ಉಪ್ಪು ಖಾರ ಎರಡೂ ಸಪ್ಪೆ. ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಹೋಗುವುದರಿಂದ ಉಪ್ಪಿಗೆ ತೀರಾ ಜಿಪುಣತನ ಸಲ್ಲದು.

ಚೈತ್ರದ ರಾಮನವಮಿಯಂದು ಪಾನಕ, ಕೋಸಂಬರಿಯ ಜೊತೆ ಬೀದಿ ಬೀದಿಯಲ್ಲಿ ಇದನ್ನು ಹಂಚುತ್ತಾರೆ. ದಾರಿಹೋಕರ ಅರವಟ್ಟಿಗೆಗಳಲ್ಲೂ ನೀರಿನ ಪಕ್ಕ ಮಜ್ಜಿಗೆಯ ಹಂಡೆ ಇರುತ್ತದೆ. ಅಂಗಡಿಗಳಲ್ಲಿ ನಂದಿನಿಯ 200 ಮಿ.ಲೀ. ಮಸಾಲ ಮಜ್ಜಿಗೆ ಪೊಟ್ಟಣ ಸಿಗುತ್ತದೆ. ಬಯಲುಸೀಮೆಯಲ್ಲಿ ರಾಗಿ, ಜೋಳದ ಅಂಬಲಿಗೆ ಮಜ್ಜಿಗೆ ಬೇಕೇ ಬೇಕು.

ಮಸಾಲೆ ಬೆರೆಸಿದ್ದು ಅಂದಂದಿಗೇ ಮುಗಿಯಬೇಕು. ಬೆರೆಸದೆ ಉಳಿದು ಹುಳಿಯಾದದ್ದು ಮಜ್ಜಿಗೆಹುಳಿಗೆ ಆಗುತ್ತದೆ. ಇಲ್ಲವೇ ಉಪ್ಪು ಹಾಕಿ, ಸೀಳಿದ ಹಸಿಮೆಣಸಿನಕಾಯಿ ನೆನೆಸಿ, ಹಗಲು ಬಿಸಿಲಿಗೆ ಹರವಿ ರಾತ್ರಿ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತ ಒಣಗಿಸಿದರೆ ವರ್ಷಪೂರ್ತಿ ಕರಿಯಲು ಬಾಳಕದ ಮೆಣಸಿನಕಾಯಿ ಸಿದ್ಧ.