ಗ್ಲೈಸಿನ್‌ಗೆ ನಾಲ್ಕು ಸಂಕೇತ, ರೇಷ್ಮೆಹುಳುವಿಗೆ ಎರಡೇ ಇಷ್ಟ

ನಾಲ್ಕನೇ ಜ್ವರ ಎದ್ದ ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪನ್ನು ಮುಕ್ಕುವ ಪರಿ ಹುಳು ಸಾಕಿದವರಿಗೇ ಗೊತ್ತು. ವಾರ ಕಳೆಯುವಷ್ಟರಲ್ಲಿ ಅದು ಹಣ್ಣಾಗಿ ಚಂದ್ರಿಕೆ ಏರಬೇಕು, ಸಾವಿರ ಮೀಟರ್ ಆಸುಪಾಸಿನ ಒಂದೇ ಎಳೆಯನ್ನು ಸುತ್ತಿ ಗೂಡು ಕಟ್ಟಬೇಕು. ಆ ಎಳೆಯ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನ್. ಅದನ್ನು ತಯಾರಿಸುವುದು ರೇಷ್ಮೆ ಗ್ರಂಥಿಯ ಹಿಂಭಾಗದ ಕೆಲವೇ ನೂರು ಜೀವಕೋಶಗಳು. ಅದರ ದೊಡ್ಡ ಸರಪಳಿಯಲ್ಲಿ 5,000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿದ್ದು, ನೂರಕ್ಕೆ ಸುಮಾರು 45 ಗ್ಲೈಸಿನ್, 30 ಅಲನಿನ್, 12 ಸೆರಿನ್.

ಯಾವ ಅಮೈನೋ ಆಮ್ಲದ ನಂತರ ಯಾವುದು ಬರಬೇಕೆಂಬ ಆದೇಶ ಜೀನ್‌ನಲ್ಲಿದೆ. ಆರ್‌ಎನ್‌ಎಯ ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಕೋಡಾನ್‌ಗಳಾಗುತ್ತವೆ. ಮೂರು ಕೋಡಾನ್‌ಗಳ ಅರ್ಥ 'ಇಲ್ಲಿಗೆ ನಿಲ್ಲಿಸು'. ಉಳಿದ 61 ಕೋಡಾನ್‌ಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಈ ಲಿಪಿಯನ್ನು ಬಿಡಿಸಿದವರಲ್ಲಿ ಮುಖ್ಯರಾದ ಹರಗೋಬಿಂದ ಖೊರಾನಾ, ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ 1968ರ ನೊಬೆಲ್ ಹಂಚಿಕೊಂಡರು. 20 ಅಮೈನೋ ಆಮ್ಲಗಳಿಗೆ 61 ಕೋಡಾನ್‌ಗಳಿರುವಾಗ ಒಂದೇ ಅಮೈನೋ ಆಮ್ಲಕ್ಕೆ ಹಲವು ಕೋಡಾನ್‌ಗಳಿರುವುದು ಸಹಜ. ಗ್ಲೈಸಿನ್‌ಗೆ ನಾಲ್ಕು, ಅರ್ಜಿನಿನ್‌ಗೆ ಆರು.

ಯಾವುದನ್ನು ಬಳಸಿದರೂ ಪ್ರೋಟೀನ್ ಅದೇ ಎಂದ ಮೇಲೆ ನಾಲ್ಕೂ ಸಮಪಾಲಿನಲ್ಲಿ ಇರಬೇಕಿತ್ತಲ್ಲವೆ? ಇಲ್ಲ. ಫೈಬ್ರಾಯಿನ್ ಜೀನ್ ತೆರೆದು ನೋಡಿ: ಗ್ಲೈಸಿನ್ ಬರುವಲ್ಲೆಲ್ಲ ಬಹುಪಾಲು 'ಜಿಜಿಯು' ಇಲ್ಲವೆ 'ಜಿಜಿಎ'. 'ಜಿಜಿಜಿ'ಯನ್ನು ಹುಡುಕಬೇಕು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಸೊಗಸಾಗಿ ಕಾಣುತ್ತದೆ. ಅಮೈನೋ ಆಮ್ಲಗಳನ್ನು ಹೊತ್ತು ತರುವುದು ಟಿಆರ್‌ಎನ್‌ಎ ಎಂಬ ಪುಟ್ಟ ಅಣುಗಳು. ಹುಳು ಗೂಡು ಕಟ್ಟುವ ಹಂತಕ್ಕೆ ಬರುತ್ತಿದ್ದಂತೆ ಗ್ರಂಥಿಯಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಹೊರುವ ಟಿಆರ್‌ಎನ್‌ಎಗಳ ಪ್ರಮಾಣ ಏರುತ್ತದೆ. ಬೇಡಿಕೆಗೆ ತಕ್ಕ ಸರಬರಾಜು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ರೇಷ್ಮೆಹುಳುವಿನ ಗ್ಲೈಸಿನ್ ಟಿಆರ್‌ಎನ್‌ಎ ಜೀನ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು.

ಟಿಆರ್‌ಎನ್‌ಎಗೂ ಕೋಡಾನ್ ಒಲವಿಗೂ ಇರುವ ನಂಟನ್ನು ಜಪಾನಿನ ತೋಶಿಮಿಚಿ ಇಕೆಮುರಾ 1981ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತೋರಿಸಿದ್ದರು. ಆದರೆ ಎಲ್ಲ ಒಲವನ್ನೂ ಈ ಒಂದೇ ಲೆಕ್ಕದಲ್ಲಿ ವಿವರಿಸಲಾಗದು. ಅರ್ಜಿನಿನ್‌ಗೆ 'ಎಜಿಎ', 'ಎಜಿಜಿ' ಎಂಬ ಎರಡು ಕೋಡಾನ್‌ಗಳಿವೆ. ಇ. ಕೋಲಿಯಲ್ಲಿ ಅವು ಅಪರೂಪ. ನಮ್ಮ ಜೀನ್‌ಗಳಲ್ಲಿ ಅರ್ಜಿನಿನ್‌ಗೆ ಅತಿ ಹೆಚ್ಚು ಬಳಕೆಯಾಗುವುದು ಅವೇ! ಉಳಿದ ನಾಲ್ಕು ಅರ್ಜಿನಿನ್ ಕೋಡಾನ್‌ಗಳು 'ಸಿಜಿ'ಯಿಂದ ಶುರುವಾಗುತ್ತವೆ. ಬೆನ್ನೆಲುಬಿನ ಪ್ರಾಣಿಗಳ ಡಿಎನ್‌ಎಯಲ್ಲಿ 'ಸಿ'ಯ ಪಕ್ಕ 'ಜಿ' ಬಂದರೆ ಆ 'ಸಿ'ಗೆ ಸಾಮಾನ್ಯವಾಗಿ ಮೀಥೈಲ್ ಅಂಟಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಅದು 'ಟಿ' (ಆರ್‌ಎನ್‌ಎಯ 'ಯು' ಬದಲು ಡಿಎನ್‌ಎಯಲ್ಲಿರುವ ಅಕ್ಷರ) ಆಗಿ ಬದಲಾಗುವ ಸಂಭವ ಹೆಚ್ಚು. ಅಂದರೆ ಇಲ್ಲಿನ ಒಲವಿಗೆ ದಕ್ಷತೆಗಿಂತ ರಸಾಯನದ ಸವೆತವೇ ದೊಡ್ಡ ಕಾರಣ. ಹಣ್ಣುನೊಣದಂಥ ಅಪಾರ ಸಂಖ್ಯೆಯ ಜೀವಿಗಳಲ್ಲಿ ಅತಿ ಸಣ್ಣ ಅನುಕೂಲವನ್ನೂ ನಿಸರ್ಗದ ಆಯ್ಕೆ ಹಿಡಿದಿಡಬಲ್ಲದು. ವಿಕಾಸದ ಬಹುಕಾಲ ಸಣ್ಣ ಸಂಖ್ಯೆಯಲ್ಲಿದ್ದ ಮನುಷ್ಯರಲ್ಲಿ ಅದರ ಹಿಡಿತ ಸಡಿಲ.

ಸಸ್ಯಗಳಲ್ಲಿ ಎರಡು ಬಣಗಳು ಎದ್ದು ಕಾಣುತ್ತವೆ. ಹುಲ್ಲಿನ ಕುಲದ ಭತ್ತ, ಗೋಧಿ, ಮೆಕ್ಕೆಜೋಳಗಳ ಅನೇಕ ಜೀನ್‌ಗಳಲ್ಲಿ ಕೋಡಾನ್‌ನ ಮೂರನೇ ಅಕ್ಷರ 'ಜಿ' ಅಥವಾ 'ಸಿ'. ಸಾಸಿವೆಯ ಬಂಧು ಅರಬಿಡಾಪ್ಸಿಸ್‌ನಂಥ ದ್ವಿದಳ ಸಸ್ಯಗಳಲ್ಲಿ ಒಲವು 'ಎ' ಮತ್ತು 'ಟಿ' ಕಡೆಗೆ. ಭತ್ತದ ಜೀನ್‌ಗಳ ವಿಶೇಷವೆಂದರೆ, ಆರಂಭದ ಭಾಗದಲ್ಲಿ 'ಜಿ', 'ಸಿ' ದಟ್ಟವಾಗಿದ್ದು ಬಾಲದ ಕಡೆ ಹೋದಂತೆ ತೆಳುವಾಗುತ್ತದೆ.

ಈ ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಮ್ಮ ಹತ್ತಿ ಹೊಲಗಳಿಗೆ ಬಂದ ಬಿಟಿ ಜೀನ್ ಹೇಳುತ್ತದೆ. ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನಿನ ಈ ಜೀನ್ ಮೂಲತಃ ಮಣ್ಣಿನ ಬ್ಯಾಕ್ಟೀರಿಯಾದ್ದು. ಅದರ ತುಂಬ 'ಎ', 'ಟಿ'. ಇದ್ದ ಹಾಗೇ ಗಿಡಕ್ಕೆ ಸೇರಿಸಿದಾಗ ಪ್ರೋಟೀನ್ ತಯಾರಾಗಿದ್ದು ಅತ್ಯಲ್ಪ. ಒತ್ತೊತ್ತಾಗಿ ಬಂದ ಕೆಲವು 'ಎ', 'ಟಿ' ಸಾಲುಗಳು ಗಿಡಕ್ಕೆ 'ಸಂದೇಶ ಇಲ್ಲಿಗೆ ಮುಗಿಯಿತು' ಎಂಬ ಗುರುತಿನಂತೆ ಕಾಣುವುದೂ ಇದಕ್ಕೊಂದು ಕಾರಣ. 1991ರಲ್ಲಿ ಮಾನ್ಸಾಂಟೋ ವಿಜ್ಞಾನಿಗಳು ಇಂಥ ಜೀನನ್ನು ಗಿಡದ ರೂಢಿಗೆ ತಕ್ಕಂತೆ ತಿದ್ದಿ ಬರೆದರು. 'ಜಿ', 'ಸಿ' ಪಾಲು ಶೇ. 37ರಿಂದ 49ಕ್ಕೇರಿತು. ತಂಬಾಕು ಮತ್ತು ಟೊಮೆಟೊ ಗಿಡಗಳಲ್ಲಿ ಪ್ರೋಟೀನಿನ ಪ್ರಮಾಣ ನೂರು ಪಟ್ಟಿನವರೆಗೆ ಹೆಚ್ಚಿತು. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿದ್ದುದೂ ಹೀಗೆ ಅಕ್ಷರ ತಿದ್ದಿದ ಜೀನೇ.

ಹಾಗೆಂದು ಅಪರೂಪದ ಕೋಡಾನ್‌ಗಳನ್ನೆಲ್ಲ ಕಿತ್ತೆಸೆದರೆ ಒಳ್ಳೆಯದೇ ಆಗುತ್ತದೆಂದಿಲ್ಲ. ನ್ಯೂರೋಸ್ಪೋರಾ ಎಂಬ ಬೂಷ್ಟಿಗೆ ಹಗಲಿರುಳಿನ ಲಯ ಕೊಡುವ ಜೀನ್‌ನಲ್ಲಿ ಅಪರೂಪದ ಕೋಡಾನ್‌ಗಳು ತುಂಬಿವೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅವನ್ನು ರೂಢಿಯ ಕೋಡಾನ್‌ಗಳಿಗೆ ಬದಲಿಸಿದರು. ಪ್ರೋಟೀನ್ ಹೆಚ್ಚಾಯಿತು, ಆದರೆ ಲಯ ಕೆಟ್ಟಿತು. ಅಮೈನೋ ಆಮ್ಲಗಳ ಸಾಲು ಅದೇ ಆಗಿದ್ದರೂ ಪ್ರೋಟೀನ್ ಮಡಿಚಿಕೊಂಡ ರೀತಿ ಬೇರೆಯಾಗಿತ್ತು. ಅದು ಸರಿಯಾಗಿ ಮಡಿಚಿಕೊಳ್ಳಲು ಅಪರೂಪದ ಕೋಡಾನ್‌ಗಳ ನಿಧಾನದ ಓದು ಬೇಕಿತ್ತು.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ 64 ಕೋಡಾನ್‌ಗಳ ಕೋಷ್ಟಕವಿದೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ. ಪಾಠ ಮಾಡುವ ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ: ಆ ದಿನ ಐದು ನಿಮಿಷ ರೇಷ್ಮೆಹುಳುವಿನ ಫೈಬ್ರಾಯಿನ್‌ಗೂ ಕೊಡಿ.