ಜತ್ತಿಯವರು ರಾಷ್ಟ್ರಪತಿ ಹೌದೋ, ಅಲ್ಲೋ?

ಜಮಖಂಡಿ ತಾಲೂಕಿನ ಮಕ್ಕಳು ತರಗತಿಯ ಗೋಡೆ ಪತ್ರಿಕೆಗೆ ದೊಡ್ಡವರೊಬ್ಬರ ಬಗ್ಗೆ ಬರೆಯಬೇಕೆಂದರೆ ದೂರ ಹುಡುಕಬೇಕಿಲ್ಲ. ಸಾವಳಗಿಯ ಬಿ.ಡಿ. ಜತ್ತಿಯವರಿದ್ದಾರೆ. ಆದರೆ ಮೊದಲ ಸಾಲಿಗೇ ತಕರಾರು! ಹಿರಿಯರನ್ನು ಕೇಳಿದರೆ, "ನಮ್ಮ ಜತ್ತಿಯವರು ರಾಷ್ಟ್ರಪತಿ ಆಗಿದ್ರಲ್ರೀ" ಅಂತಾರೆ. ಪುಸ್ತಕದ ಪಟ್ಟಿಯಲ್ಲಿ ನಂಬರು ಹಾಕಿದ ರಾಷ್ಟ್ರಪತಿಗಳ ಸಾಲಿನಲ್ಲಿ ಅವರ ಹೆಸರೇ ಇಲ್ಲ. ಹಾಗಾದರೆ ಸುಳ್ಳು ಯಾರದು?

ಯಾರದೂ ಅಲ್ಲ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಆಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಸಂವಿಧಾನದ 65ನೇ ವಿಧಿಯಂತೆ ಆ ಹೊಣೆ ಹೊತ್ತರು. ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಬರುವ ತನಕ ಅವರು ಹಂಗಾಮಿ ರಾಷ್ಟ್ರಪತಿ.

ಹಂಗಾಮಿ ಅಂದ ಮಾತ್ರಕ್ಕೆ ಸುಮ್ಮನೆ ಕುರ್ಚಿ ಕಾಯ್ದರು ಅಂದುಕೊಳ್ಳಬೇಡಿ. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದ್ದು ಇವರೇ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಯ ಕಾಗದ ಬಂದಾಗ ತಕ್ಷಣ ಸಹಿ ಹಾಕದೆ ದಿಲ್ಲಿಯನ್ನೇ ಕಾಯಿಸಿ, ಏಪ್ರಿಲ್ 30ರಂದು ಹಾಕಿದರು.

ಇನ್ನೆರಡು ಕಡೆ ಹುಷಾರಾಗಿರಬೇಕು. ಅವರು 1958ರಿಂದ 1962ರವರೆಗೆ ಮುಖ್ಯಮಂತ್ರಿಯಾಗಿದ್ದದ್ದು ಮೈಸೂರು ರಾಜ್ಯಕ್ಕೆ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಇನ್ನು 1912ರಲ್ಲಿ ಅವರು ಹುಟ್ಟಿದಾಗ ಸಾವಳಗಿ ಇದ್ದದ್ದು ಜಮಖಂಡಿ ಸಂಸ್ಥಾನದಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಷ್ಟೇ.

'ಹಂಗಾಮಿ' ಎಂಬ ಮೂರಕ್ಷರ ಸೇರಿಸಿದರೆ ಸಾವಳಗಿಯ ಹೆಮ್ಮೆಗೇನೂ ಕೊರತೆಯಾಗದು. ಗೋಡೆ ಪತ್ರಿಕೆ ಓದಿದವರು ಮಾತ್ರ ಮಕ್ಕಳ ಮಾತನ್ನು ನಂಬಿಯಾರು.